‘ಎಲ್ಲಿ ಮರಿ, ಒಂದು ಸಲ ಮಾಡಿ ತೋರಿಸು’: ಮಕ್ಕಳ ಉಬ್ಬಸ ಮತ್ತು ಇನ್‌ಹೇಲರ್

(ಮಂಡ್ಯದ ಶಾಲೆಯೊಂದರಲ್ಲಿ ಪೋಷಕರು ಮತ್ತು ಶಿಕ್ಷಕರ ಎದುರು ಆಡಿದ ಮಾತುಗಳ ಬರಹ ರೂಪ)

ಸಭೆಗೆ ಬಂದಿರುವ ತಾಯಂದಿರಿಗೆ, ತಂದೆಯರಿಗೆ, ಮೊಮ್ಮಕ್ಕಳ ಕೈ ಹಿಡಿದು ಬಂದಿರುವ ಅಜ್ಜ ಅಜ್ಜಿಯರಿಗೆ ಮತ್ತು ಈ ಶಾಲೆಯ ಶಿಕ್ಷಕರೆಲ್ಲರಿಗೆ ನಮಸ್ಕಾರ.

ಮಕ್ಕಳ ವೈದ್ಯೆಯಾಗಿ ನಾನು ಮಾಡಿದ ಒಂದು ತಪ್ಪಿನಿಂದಲೇ ಈ ಮಾತನ್ನು ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಪಾಂಡವಪುರದ ಕಡೆಯ ಹಳ್ಳಿಯೊಂದರಿಂದ ಎಂಟು ವರ್ಷದ ಹುಡುಗನನ್ನು ಅವನ ಅಜ್ಜಿ ನನ್ನಲ್ಲಿಗೆ ಕರೆತರುತ್ತಿದ್ದರು. ರಾತ್ರಿಯೆಲ್ಲ ಕೆಮ್ಮು, ಬೆಳಗಿನ ಜಾವ ಎದೆಯಲ್ಲಿ ಸುಯ್ ಎನ್ನುವ ಸದ್ದು, ನಾಲ್ಕು ಹೆಜ್ಜೆ ಓಡಿದರೆ ಏದುಸಿರು, ಉಬ್ಬಸವೆನ್ನುವುದರಲ್ಲಿ ಅನುಮಾನವಿರಲಿಲ್ಲ. ನಾನು ಇನ್‌ಹೇಲರ್ ಬರೆದುಕೊಟ್ಟೆ. ತಿಂಗಳಾದ ಮೇಲೆ ಬಂದಾಗಲೂ ಎದೆಯ ಸದ್ದು ಹಾಗೆಯೇ ಇತ್ತು. ಅವರ ಮನೆಯ ಪಕ್ಕದಲ್ಲೇ ಆಲೆಮನೆ ಇದೆ, ಕಬ್ಬಿನ ಸಿಪ್ಪೆ ಉರಿಸಿದ ಹೊಗೆ ಮನೆಯೊಳಕ್ಕೂ ನುಗ್ಗುತ್ತದೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಹೊಗೆಯನ್ನು ದೂರಿ ಔಷಧದ ಪ್ರಮಾಣವನ್ನು ಹೆಚ್ಚಿಸಿದೆ. ಮುಂದಿನ ಸಲವೂ ಅದೇ ಕತೆಯಾದಾಗ ಇನ್ನಷ್ಟು ಹೆಚ್ಚಿಸಿದೆ. ನಾಲ್ಕನೆಯ ಸಲ ಬಂದಾಗ ನನ್ನ ಜೊತೆ ಕೆಲಸ ಮಾಡುವ ನರ್ಸ್ ಹುಡುಗನನ್ನು ಹತ್ತಿರ ಕರೆದು, “ಎಲ್ಲಿ ಮರಿ, ಒಂದು ಸಲ ಮಾಡಿ ತೋರಿಸು” ಎಂದರು.

ಅವನು ಚಡ್ಡಿ ಜೇಬಿನಿಂದ ಇನ್‌ಹೇಲರ್ ತೆಗೆದ. ಅಲುಗಾಡಿಸಲಿಲ್ಲ. ಬಾಯನ್ನು ಅಗಲವಾಗಿ ತೆರೆದು, ನಾಲಿಗೆಯ ಮೇಲೆ ಒಂದು ಸಲ ಒತ್ತಿಕೊಂಡು, ಕೂಡಲೇ ತುಟಿ ಮುಚ್ಚಿ, ಸಿರಪ್ಪು ನುಂಗುವ ಹಾಗೆ ಗುಟುಕರಿಸಿದ. ತುಟಿಯ ಅಂಚಿನಿಂದ ಬಿಳಿಯ ಹಬೆಯೊಂದು ಹೊರಬಂದು ಮೂಗಿನ ಮುಂದೆ ಕರಗಿಹೋಯಿತು. ಅಜ್ಜಿ ಹೆಮ್ಮೆಯಿಂದ, “ಚೆಂದಾಗ್ ಮಾಡ್ತಾನೆ ಕಣವ್ವ, ಒಂದಿನಾನೂ ತಪ್ಸಿಲ್ಲ” ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜ. ಒಂದು ದಿನವೂ ತಪ್ಪಿರಲಿಲ್ಲ. ಆದರೆ ಅಷ್ಟು ತಿಂಗಳ ಔಷಧವೆಲ್ಲ ಹುಡುಗನ ನಾಲಿಗೆ, ಗಂಟಲು, ಹೊಟ್ಟೆಯನ್ನು ಸೇರಿತ್ತೇ ಹೊರತು ಎದೆಯನ್ನು ಸೇರಿರಲಿಲ್ಲ. ಹೇಗೆ ಸೇದಬೇಕೆಂದು ಆ ಮಗುವಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ತೋರಿಸಿಕೊಡಬೇಕಾಗಿದ್ದವರಲ್ಲಿ ಮೊದಲನೆಯವಳು ನಾನು.

ಅಂದಿನಿಂದ ನಾನು ನಂಬಿಕೊಂಡು ಬಂದಿರುವುದನ್ನೇ ಇಂದು ನಿಮಗೂ ಹೇಳಬೇಕೆಂದಿದ್ದೇನೆ. ಚೀಟಿಯಲ್ಲಿ ಬರೆದ ಮಾತ್ರಕ್ಕೆ, ಮೆಡಿಕಲ್ ಸ್ಟೋರಿನಿಂದ ಕೊಂಡುತಂದ ಮಾತ್ರಕ್ಕೆ ಇನ್‌ಹೇಲರ್ ಔಷಧವಾಗುವುದಿಲ್ಲ. ಮಗು ಅದನ್ನು ಸೇದುವುದನ್ನು ತಿಳಿದವರೊಬ್ಬರು ಕಣ್ಣಾರೆ ನೋಡಬೇಕು, ಮತ್ತೆ ಮತ್ತೆ ನೋಡುತ್ತಲೇ ಇರಬೇಕು.

ಉಬ್ಬಸ, ಗೂರಲು, ವೀಸಿಂಗ್, ಅಸ್ತಮಾ ಎಂದು ನಾನಾ ಹೆಸರಿನಿಂದ ನಾವು ಕರೆಯುವ ಈ ಕಾಯಿಲೆಯಲ್ಲಿ ಶ್ವಾಸನಾಳಗಳಿಗೆ ಎರಡು ತೊಂದರೆಗಳಾಗುತ್ತವೆ. ನಾಳದ ಒಳಪದರ ಊದಿಕೊಂಡು ಲೋಳೆ ಕಟ್ಟುವುದು ಒಂದು, ನಾಳವನ್ನು ಸುತ್ತಿಕೊಂಡಿರುವ ಸ್ನಾಯು ಬಿಗಿದುಕೊಳ್ಳುವುದು ಇನ್ನೊಂದು. ಬಿಗಿತ ನಿಮಿಷಗಳಲ್ಲಿ ಬರುತ್ತದೆ, ಸದ್ದು ಮಾಡುತ್ತದೆ, ಮನೆಯವರನ್ನೆಲ್ಲ ಎಬ್ಬಿಸುತ್ತದೆ. ಊತವಾದರೋ ಮಗು ಚೆನ್ನಾಗಿ ಉಂಡು ಆಡಿಕೊಂಡಿರುವ ದಿನಗಳಲ್ಲೂ ಒಳಗೆ ಉಳಿದುಕೊಂಡಿರುತ್ತದೆ. ಆದ್ದರಿಂದಲೇ ಔಷಧಗಳಲ್ಲೂ ಎರಡು ಬಗೆ. ಸಾಲ್ಬುಟಮಾಲ್ ಬಿಗಿತವನ್ನು ಸಡಿಲಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಹಾಯೆನಿಸುತ್ತದೆ, ನಾಲ್ಕರಿಂದ ಆರು ಗಂಟೆಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ. ಬ್ಯುಡೆಸೊನೈಡ್‌ನಂತಹ ಸ್ಟಿರಾಯ್ಡ್ ಔಷಧಗಳು ಊತವನ್ನು ಇಳಿಸುತ್ತವೆ. ಅದಕ್ಕೆ ದಿನಗಳು, ವಾರಗಳು ಬೇಕು. ಅವುಗಳನ್ನು ಮಗು ಚೆನ್ನಾಗಿರುವಾಗಲೂ ವೈದ್ಯರು ಹೇಳಿದಷ್ಟು ಕಾಲ ದಿನವೂ ಕೊಡುತ್ತಿರಬೇಕು. ಮೊದಲನೆಯದು ಕೂಡಲೇ ಫಲ ಕೊಡುವುದರಿಂದ ಅದನ್ನು ಮಾತ್ರ ಇಟ್ಟುಕೊಂಡು, ಎರಡನೆಯದನ್ನು ‘ಏನೂ ಪ್ರಯೋಜನವಿಲ್ಲ’ ಎಂದು ಬಿಟ್ಟುಬಿಡುವುದನ್ನು ನಾನು ಮನೆಮನೆಯಲ್ಲೂ ಕಾಣುತ್ತಿದ್ದೇನೆ. ಇದು ಅಪಾಯದ ದಾರಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಾದ್ಯಂತ 4,55,000 ಜನ ಅಸ್ತಮಾದಿಂದ ಸತ್ತರು. ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿಯನ್ನು ರೂಪಿಸುವ ‘ಗೀನಾ’ ಸಂಸ್ಥೆ ಅದೇ ವರ್ಷ ತನ್ನ ಹಳೆಯ ನಿಲುವನ್ನು ಬದಲಿಸಿ, ಹನ್ನೆರಡು ವರ್ಷ ತುಂಬಿದವರಿಗೆ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡ ಚಿಕಿತ್ಸೆ ಬೇಡವೆಂದು ಸ್ಪಷ್ಟವಾಗಿ ಹೇಳಿತು.

ಎರಡು ಇನ್‌ಹೇಲರ್‌ಗಳನ್ನು ‘ನೀಲಿದು’, ‘ಕಂದು ಬಣ್ಣದ್ದು’ ಎಂದು ಬಣ್ಣದಿಂದ ಗುರುತಿಟ್ಟುಕೊಳ್ಳುವವರಿದ್ದಾರೆ. ಕಂಪನಿ ಬದಲಾದರೆ ಬಣ್ಣವೂ ಬದಲಾಗಬಹುದು. ಅದಕ್ಕಿಂತ ಒಂದು ಚೂರು ಕಾಗದದ ಮೇಲೆ ‘ದಿನಾ’ ಎಂದೂ, ಇನ್ನೊಂದರ ಮೇಲೆ ‘ಉಬ್ಬಸ ಬಂದಾಗ’ ಎಂದೂ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸುವುದು ಒಳ್ಳೆಯದು. ಓದಲು ಬಾರದ ಅಜ್ಜಿಯ ಕೈಯಲ್ಲಿ ಔಷಧವಿದ್ದರೆ ದಿನವೂ ಕೊಡುವ ಇನ್‌ಹೇಲರಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಡಿ.

ಮಾತ್ರೆ, ಸಿರಪ್ಪು ಇರುವಾಗ ಈ ‘ಪಂಪು’ ಏಕೆ ಎಂದು ಕೇಳುತ್ತೀರಿ. ಸಾಲ್ಬುಟಮಾಲ್ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ ಔಷಧವಿರುತ್ತದೆ. ಇನ್‌ಹೇಲರಿನ ಒಂದು ಒತ್ತಿನಲ್ಲಿ ಇರುವುದು 100 ಮೈಕ್ರೊಗ್ರಾಂ. ಎಂದರೆ 2 ಮಿಲಿಗ್ರಾಂ ಮಾತ್ರೆಯ ಇಪ್ಪತ್ತನೆಯ ಒಂದು ಪಾಲು. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಎದೆಗೆ ಬರುವ ಹೊತ್ತಿಗೆ ಮಗುವಿನ ಕೈ ನಡುಗಿರುತ್ತದೆ, ಎದೆ ಡವಡವ ಹೊಡೆದುಕೊಂಡಿರುತ್ತದೆ. ಉಸಿರಿನ ಜೊತೆ ಹೋದ ಔಷಧ ನೇರವಾಗಿ ಬೇಕಾದ ಜಾಗಕ್ಕೇ ಹೋಗುತ್ತದೆ. ‘ಇನ್‌ಹೇಲರ್ ಎಂದರೆ ಬಹಳ ಪವರ್’ ಎಂಬ ಮಾತನ್ನು ನಾನು ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ. ಪ್ರಮಾಣವನ್ನು ಲೆಕ್ಕ ಹಾಕಿದರೆ ಸತ್ಯ ತಿರುವುಮುರುವಾಗಿದೆ.

ಈ ಸಾಧನ ಹುಟ್ಟಿದ್ದಕ್ಕೂ ಒಂದು ಮಗುವೇ ಕಾರಣ ಎಂಬುದನ್ನು ನೆನೆದರೆ ನನಗೆ ಬಹಳ ಸಂತೋಷವಾಗುತ್ತದೆ. 1955ರಲ್ಲಿ ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿಯ ಮುಖ್ಯಸ್ಥರ ಹದಿಮೂರು ವರ್ಷದ ಮಗಳಿಗೆ ಅಸ್ತಮಾ ಇತ್ತು. ಆಗಿನ ಕಾಲದ ಗಾಜಿನ ಪಾತ್ರೆ, ರಬ್ಬರ್ ಬುರುಡೆಯ ಉಪಕರಣವನ್ನು ಒತ್ತಿ ಒತ್ತಿ ಬೇಸತ್ತ ಅವಳು, ಕೂದಲಿಗೆ ಹಾಕುವ ಸ್ಪ್ರೇ ಡಬ್ಬಿಯಲ್ಲಿ ಬರುವ ಹಾಗೆ ನನ್ನ ಔಷಧವೂ ಏಕೆ ಬರಬಾರದು ಎಂದು ತಂದೆಯನ್ನು ಕೇಳಿದಳು. ಮರುವರ್ಷ, 1956ರಲ್ಲಿ, ಅಳತೆಯ ಪ್ರಮಾಣದಲ್ಲಿ ಔಷಧ ಚಿಮ್ಮಿಸುವ ಮೊದಲ ಇನ್‌ಹೇಲರ್ ಮಾರುಕಟ್ಟೆಗೆ ಬಂತು.

ಆದರೆ ಅದನ್ನು ನೇರವಾಗಿ ಬಾಯಿಗಿಟ್ಟು ಬಳಸುವುದು ದೊಡ್ಡವರಿಗೇ ಕಷ್ಟ. ಔಷಧ ಅತಿವೇಗದಲ್ಲಿ ಚಿಮ್ಮುತ್ತದೆ. ಒತ್ತುವ ಕ್ಷಣವೂ ಉಸಿರೆಳೆಯುವ ಕ್ಷಣವೂ ಒಂದೇ ಆಗಬೇಕು. ಆಮೇಲೆ ನಿಧಾನವಾಗಿ ಆಳಕ್ಕೆ ಎಳೆದು ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಒಂದು ಕ್ಷಣ ಹೆಚ್ಚುಕಡಿಮೆಯಾದರೆ ಔಷಧ ಗಂಟಲಿನ ಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ. ಇದಕ್ಕೆ ಪರಿಹಾರವೇ ಸ್ಪೇಸರ್, ಎಂದರೆ ಇನ್‌ಹೇಲರಿಗೂ ಬಾಯಿಗೂ ನಡುವೆ ಇರುವ ಈ ಪಾರದರ್ಶಕ ಡಬ್ಬಿ. ಚಿಮ್ಮಿದ ಔಷಧ ಡಬ್ಬಿಯೊಳಗೆ ವೇಗ ಕಳೆದುಕೊಳ್ಳುತ್ತದೆ, ದಪ್ಪ ಹನಿಗಳು ಅಲ್ಲೇ ಅಂಟಿಕೊಳ್ಳುತ್ತವೆ, ಸಣ್ಣ ಕಣಗಳು ಮಗುವಿನ ಉಸಿರಿಗಾಗಿ ಕಾದು ನಿಲ್ಲುತ್ತವೆ. ಇನ್‌ಹೇಲರ್ ಕೊಂಡು ಸ್ಪೇಸರನ್ನು ದುಡ್ಡು ಉಳಿಸಲೆಂದು ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಕ್ಕಳ ವಿಷಯದಲ್ಲಿ ಸ್ಪೇಸರ್ ಇಲ್ಲದ ಇನ್‌ಹೇಲರ್ ಹೆಚ್ಚುಕಡಿಮೆ ಗಾಳಿಗೆ ಹೊಡೆದ ಔಷಧವೇ.

ಈಗ ಕೈಯಲ್ಲಿ ಹಿಡಿದೇ ತೋರಿಸುತ್ತೇನೆ. ನಾಲ್ಕು ವರ್ಷಕ್ಕಿಂತ ಚಿಕ್ಕ ಮಗುವಾದರೆ ಸ್ಪೇಸರಿನ ತುದಿಗೆ ಮುಖಕ್ಕೆ ಹಿಡಿಸುವ ಮಾಸ್ಕ್ ಬೇಕು. ತಾಯಿ ಗೋಡೆಗೆ ಒರಗಿ ಕುಳಿತು, ಮಗುವನ್ನು ತನ್ನ ಎದೆಗೆ ಬೆನ್ನು ಕೊಟ್ಟಂತೆ ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಳ್ಳಬೇಕು. ಮುಚ್ಚಳ ತೆಗೆದು, ಒಳಗೆ ಏನಾದರೂ ಸಿಕ್ಕಿಕೊಂಡಿದೆಯೇ ನೋಡಿ, ನಾಲ್ಕೈದು ಸಲ ಚೆನ್ನಾಗಿ ಅಲುಗಾಡಿಸಿ, ಸ್ಪೇಸರಿನ ಹಿಂಬದಿಗೆ ಸಿಕ್ಕಿಸಬೇಕು. ಹೊಸ ಇನ್‌ಹೇಲರ್ ಆದರೆ, ಅಥವಾ ಬಹಳ ದಿನ ಬಳಸದೆ ಇಟ್ಟದ್ದಾದರೆ, ಪೆಟ್ಟಿಗೆಯಲ್ಲಿರುವ ಸೂಚನೆಯಂತೆ ಮೊದಲು ಕೆಲವು ಸಲ ಗಾಳಿಗೆ ಒತ್ತಿ ಬಿಡಬೇಕು. ಆಮೇಲೆ ಮಾಸ್ಕ್ ಮೂಗು ಬಾಯಿ ಎರಡನ್ನೂ ಮುಚ್ಚಿ, ಕೆನ್ನೆಗೂ ಗಲ್ಲಕ್ಕೂ ಸಂದಿಯಿಲ್ಲದೆ ಕೂರಬೇಕು. ‘ಪಾಪ, ಮಗುವಿಗೆ ಒತ್ತುತ್ತದೆ’ ಎಂದು ಒಂದು ಬೆರಳಿನ ಸಂದಿ ಬಿಟ್ಟು ಹಿಡಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಸಂದಿಯಿಂದಲೇ ಔಷಧವೆಲ್ಲ ಹೊರಟುಹೋಗುತ್ತದೆ. ಈಗ ಒಂದೇ ಒಂದು ಸಲ ಒತ್ತಿ. ಸ್ಪೇಸರಿನೊಳಗಿನ ಸಣ್ಣ ಕವಾಟವನ್ನು ನೋಡುತ್ತಿರಿ. ಮಗು ಉಸಿರೆಳೆದಾಗಲೆಲ್ಲ ಅದು ಅಲುಗುತ್ತದೆ. ಅದು ಐದಾರು ಸಲ ಅಲುಗುವವರೆಗೂ ಮಾಸ್ಕ್ ತೆಗೆಯಬೇಡಿ. ಎರಡನೆಯ ಒತ್ತು ಬೇಕಾಗಿದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ, ಮತ್ತೆ ಮೊದಲಿನಿಂದ. ‘ಎರಡು ಬರೆದಿದ್ದಾರೆ’ ಎಂದು ಟಪಟಪ ಎರಡು ಸಲ ಒಟ್ಟಿಗೆ ಒತ್ತಿದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಡಬ್ಬಿಯಲ್ಲೇ ಉಳಿಯುತ್ತವೆ.

ನಾಲ್ಕು ಐದು ವರ್ಷ ತುಂಬಿದ ಮಗು ತುಟಿಯನ್ನು ಗಟ್ಟಿಯಾಗಿ ಮುಚ್ಚಿಕೊಳ್ಳಬಲ್ಲದಾದರೆ ಮಾಸ್ಕ್ ತೆಗೆದುಬಿಡಿ. ಮೂಗಿನಿಂದ ಎಳೆದ ಔಷಧದಲ್ಲಿ ಬಹುಪಾಲು ಮೂಗಿನಲ್ಲೇ ಸೋಸಿಹೋಗುತ್ತದೆ, ಆದ್ದರಿಂದ ಬಾಯಿಯೇ ಒಳ್ಳೆಯ ದಾರಿ. ಕೊಳವೆ ಹಲ್ಲುಗಳ ನಡುವೆ ಇರಬೇಕು, ನಾಲಿಗೆ ಅದರ ಕೆಳಗಿರಬೇಕು, ತುಟಿ ಸುತ್ತಲೂ ಮುಚ್ಚಿರಬೇಕು. ಮಗು ಕೊಳವೆಯನ್ನು ಬಾಯಲ್ಲಿಟ್ಟುಕೊಂಡೇ ಮೂಗಿನಿಂದ ಉಸಿರಾಡುತ್ತಿದ್ದರೆ ಕವಾಟ ಅಲುಗುವುದಿಲ್ಲ; ಆಗ ಸ್ವಲ್ಪ ಹೊತ್ತು ಮೆಲ್ಲನೆ ಮೂಗು ಹಿಡಿದರೆ ಅದಕ್ಕೇ ತಿಳಿಯುತ್ತದೆ.

ಅಳುವ ಮಗುವಿನ ವಿಷಯವನ್ನು ಬಿಡಿಸಿ ಹೇಳಬೇಕು. ಅಳುವಾಗ ಮಗು ಜೋರಾಗಿ ಉಸಿರೆಳೆಯುತ್ತದೆ, ಔಷಧ ಚೆನ್ನಾಗಿ ಹೋಗುತ್ತದೆ ಎಂದು ತಿಳಿದು ಇಬ್ಬರು ಕೈಕಾಲು ಹಿಡಿದು ಒಬ್ಬರು ಒತ್ತುವ ಮನೆಗಳಿವೆ. ಅಳುವುದೆಂದರೆ ಬಹುಪಾಲು ಉಸಿರು ಬಿಡುವುದು. ನಡುವೆ ಎಳೆಯುವ ಉಸಿರು ತುಂಡು ತುಂಡಾಗಿ, ರಭಸವಾಗಿ ಇರುವುದರಿಂದ ಔಷಧ ಗಂಟಲಲ್ಲೇ ನಿಲ್ಲುತ್ತದೆ. ಸಾಧ್ಯವಾದಷ್ಟು ಮಗುವನ್ನು ಸಮಾಧಾನ ಮಾಡಿ ಕೊಡಿ. ಉಬ್ಬಸವಿಲ್ಲದ ದಿನವೇ ಖಾಲಿ ಸ್ಪೇಸರನ್ನು ಆಟಕ್ಕೆ ಕೊಡಿ, ಗೊಂಬೆಗೆ ಮಾಸ್ಕ್ ಇಡಲಿ, ಅಮ್ಮನಿಗೆ ಇಡಲಿ, ಕವಾಟ ಅಲುಗುವುದನ್ನು ತಾನೇ ಎಣಿಸಲಿ. ಒಬ್ಬ ತಾಯಿ ತಮ್ಮ ಎರಡೂವರೆ ವರ್ಷದ ಮಗಳಿಗೆ ಮಾಸ್ಕಿನ ಮೇಲೆ ಆನೆಯ ಸೊಂಡಿಲಿನ ಚಿತ್ರ ಅಂಟಿಸಿಕೊಟ್ಟಿದ್ದರು. ದಸರೆಯ ಆನೆಗಳನ್ನು ನೋಡಿ ಬಂದಿದ್ದ ಆ ಮಗು ತಾನಾಗಿಯೇ ಸೊಂಡಿಲು ತಂದು ಅಮ್ಮನ ಮಡಿಲಲ್ಲಿ ಕೂರುತ್ತಿತ್ತು. ಆ ತಾಯಿಯ ಉಪಾಯವನ್ನು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಆರು ವರ್ಷ ದಾಟಿದ ಕೆಲವು ಮಕ್ಕಳಿಗೆ ಪುಡಿ ಔಷಧದ ಇನ್‌ಹೇಲರ್ ಕೊಡುತ್ತೇವೆ. ಕ್ಯಾಪ್ಸೂಲನ್ನು ಅದರೊಳಗೆ ಹಾಕಿ, ತಿರುಗಿಸಿ ಒಡೆದು, ಪುಡಿಯನ್ನು ಸೇದಬೇಕು. ಇಲ್ಲಿ ನಿಯಮ ಪೂರ್ತಿ ಬೇರೆ. ಎಳನೀರು ಮುಗಿಯುತ್ತಾ ಬಂದಾಗ ತಳದಲ್ಲಿರುವುದನ್ನು ಸ್ಟ್ರಾದಲ್ಲಿ ಸುರ್ರೆಂದು ಹೇಗೆ ಎಳೆಯುತ್ತಾರೋ ಹಾಗೆ ಮೊದಲ ಎಳೆತದಲ್ಲೇ ಜೋರಿರಬೇಕು, ಏಕೆಂದರೆ ಪುಡಿಯನ್ನು ಎಬ್ಬಿಸುವ ಶಕ್ತಿ ಮಗುವಿನ ಉಸಿರಿನದೇ. ಅದರೊಳಕ್ಕೆ ಉಸಿರು ಬಿಡಬಾರದು, ಪುಡಿ ಒದ್ದೆಯಾಗಿ ಮುದ್ದೆಕಟ್ಟುತ್ತದೆ. ಅಣ್ಣನಿಗೆ ಪುಡಿಯದು, ತಂಗಿಗೆ ಸ್ಪೇಸರಿನದು ಇರುವ ಮನೆಯಲ್ಲಿ ಒಬ್ಬರ ಅಭ್ಯಾಸ ಇನ್ನೊಬ್ಬರಿಗೆ ಅಂಟಿಕೊಂಡು ಇಬ್ಬರದೂ ಕೆಡುವುದುಂಟು. ಇನ್ನೊಂದು ಮಾತು: ಈ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿಸುತ್ತಿದ್ದ ತಂದೆಯೊಬ್ಬರು ನನಗೆ ಗೊತ್ತು. ಕ್ಯಾಪ್ಸೂಲ್ ಎಂದರೆ ನುಂಗುವುದೆಂದೇ ಅವರು ತಿಳಿದಿದ್ದರು. ಬೇರೆ ಹೇಗೆ ತಿಳಿದಾರು, ಅವರಿಗೆ ಉಪಕರಣವನ್ನು ಬಿಚ್ಚಿ ತೋರಿಸಿದವರೇ ಇರಲಿಲ್ಲ.

‘ಪಂಪು ಬೇಡ ಡಾಕ್ಟ್ರೇ, ಮಿಷನ್ ಹಾಕಿಬಿಡಿ’ ಎಂದು, ಔಷಧವನ್ನು ಹಬೆಯಂತೆ ಮಾಡಿ ಮಾಸ್ಕಿನ ಮೂಲಕ ಕೊಡುವ ನೆಬ್ಯುಲೈಜರ್ ಯಂತ್ರವನ್ನು ಕೇಳುವವರು ಬಹಳ. ಆಮ್ಲಜನಕ ಬೇಕಾಗುವಷ್ಟು ತೀವ್ರವಲ್ಲದ ಉಬ್ಬಸದಲ್ಲಿ ಸ್ಪೇಸರ್ ಮೂಲಕ ಸರಿಯಾಗಿ ಕೊಟ್ಟ ಇನ್‌ಹೇಲರ್ ನೆಬ್ಯುಲೈಜರಿಗೆ ಏನೂ ಕಡಿಮೆಯಲ್ಲ. ಎದೆಬಡಿತ ಏರುವುದೂ ಕಡಿಮೆ, ಕರೆಂಟೂ ಬೇಡ. ಸ್ಪೇಸರ್ ಸಿಗದ ಹಳ್ಳಿಯಲ್ಲಿ ರಾತ್ರಿ ಹೊತ್ತು ಏನು ಮಾಡುವುದು? ದಕ್ಷಿಣ ಆಫ್ರಿಕಾದ ಮಕ್ಕಳ ವೈದ್ಯೆ ಹೀದರ್ ಝಾರ್ ಮತ್ತು ಅವರ ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್‌ಹೇಲರಿನ ಬಾಯಿ ಬಿಗಿಯಾಗಿ ಕೂರುವಂತೆ ತೂತು ಮಾಡಿ, ಸುತ್ತಲೂ ಗಾಳಿಯಾಡದಂತೆ ಅಂಟು ಹಾಕಿ ಮಾಡಿದ ಸ್ಪೇಸರ್, ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು. ಕೊಳ್ಳುವ ಶಕ್ತಿಯಿದ್ದವರು ಕೊಳ್ಳಿ. ಇಲ್ಲದವರು ನನ್ನ ಬಳಿ ಬನ್ನಿ, ಬಾಟಲಿಯಲ್ಲಿ ಮಾಡುವುದನ್ನು ಕಲಿಸುತ್ತೇನೆ.

ಸ್ಪೇಸರನ್ನು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು, ಹಾಗೇ ನೆರಳಿನಲ್ಲಿ ಒಣಗಲು ಬಿಡಿ. ಬಾಯಿಗೆ, ಮುಖಕ್ಕೆ ತಾಗುವ ಭಾಗವನ್ನಷ್ಟೇ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಒಳಗಡೆ ಬಟ್ಟೆ ಹಾಕಿ ಉಜ್ಜಬೇಡಿ. ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರವಿದ್ಯುತ್ತು ಹುಟ್ಟಿ, ಔಷಧದ ಕಣಗಳನ್ನು ಗೋಡೆಗೆ ಸೆಳೆದುಕೊಳ್ಳುತ್ತದೆ. ಇನ್ನು, ಇನ್‌ಹೇಲರ್ ಖಾಲಿಯಾಯಿತೋ ಇಲ್ಲವೋ ಎಂದು ನೀರಿನಲ್ಲಿ ತೇಲಿಸಿ ನೋಡುವ ಪದ್ಧತಿಯನ್ನು ಕೈಬಿಡಿ. ಅದು ಸುಳ್ಳು ಹೇಳುತ್ತದೆ. ಔಷಧ ಮುಗಿದ ಮೇಲೂ ಒತ್ತಿದರೆ ಬರಿಯ ಗಾಳಿ ಚಿಮ್ಮುತ್ತಿರುತ್ತದೆ. 200 ಒತ್ತುಗಳ ಡಬ್ಬಿಯನ್ನು ಬೆಳಿಗ್ಗೆ ಎರಡು, ರಾತ್ರಿ ಎರಡರಂತೆ ಬಳಸಿದರೆ ಐವತ್ತನೆಯ ದಿನಕ್ಕೆ ಮುಗಿಯುತ್ತದೆ. ಗೋಡೆಯ ಮೇಲಿನ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ ಈ ಐವತ್ತನೆಯ ದಿನಕ್ಕೂ ಒಂದು ಗುರುತು ಹಾಕಿ. ಸ್ಟಿರಾಯ್ಡ್ ಇನ್‌ಹೇಲರ್ ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಬೇಕು, ಮಾಸ್ಕ್ ಇಟ್ಟಿದ್ದರೆ ಮುಖ ಒರೆಸಬೇಕು. ಇಲ್ಲವಾದರೆ ಬಾಯಲ್ಲಿ ಬಿಳಿಯ ಅಗ್ರ ಕಟ್ಟಬಹುದು. ರಾತ್ರಿ ಹಲ್ಲುಜ್ಜುವ ಮುಂಚೆಯೇ ಕೊಟ್ಟರೆ ಇದು ತಾನಾಗಿಯೇ ನಡೆದುಹೋಗುತ್ತದೆ.

ಸ್ಟಿರಾಯ್ಡ್ ಎಂಬ ಮಾತು ಕೇಳಿದೊಡನೆ ನಿಮ್ಮ ಮುಖಗಳು ಬದಲಾಗುವುದನ್ನು ನಾನು ಇಲ್ಲಿಂದಲೇ ಕಾಣುತ್ತಿದ್ದೇನೆ. ಭಯವನ್ನು ಮುಚ್ಚಿಡದೆ ಮಾತನಾಡೋಣ. ಅಮೆರಿಕ ಮತ್ತು ಕೆನಡಾದಲ್ಲಿ ಬ್ಯುಡೆಸೊನೈಡ್ ಸೇದಿದ ಮಕ್ಕಳನ್ನು ಬೆಳೆದು ದೊಡ್ಡವರಾಗುವವರೆಗೂ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರ ಎತ್ತರ ಅದನ್ನು ಸೇದದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆಯಿತ್ತು. ಪರಿಣಾಮವೇ ಇಲ್ಲವೆಂದು ನಾನು ಹೇಳುವುದಿಲ್ಲ, ಇರುವುದು ಇಷ್ಟು. ಹತೋಟಿಗೆ ಬಾರದ ಉಬ್ಬಸವೂ ಬೆಳವಣಿಗೆಯನ್ನು ಕುಗ್ಗಿಸುತ್ತದೆ, ಉಬ್ಬಸ ಏರಿದಾಗಲೆಲ್ಲ ಕೊಡಬೇಕಾಗುವ ಸ್ಟಿರಾಯ್ಡ್ ಮಾತ್ರೆಗಳು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಔಷಧವನ್ನು ಮೈಗೆ ಸೇರಿಸುತ್ತವೆ. ಕಾಯಿಲೆ ಹತೋಟಿಗೆ ಬಂದಂತೆ ಪ್ರಮಾಣ ಇಳಿಸುವುದು ವೈದ್ಯರ ಕರ್ತವ್ಯ, ಅದನ್ನು ಕೇಳುವುದು ನಿಮ್ಮ ಹಕ್ಕು. ಅಭ್ಯಾಸವಾಗಿಬಿಡುತ್ತದೆ ಎನ್ನುವ ಹೆದರಿಕೆಗೆ ಮಾತ್ರ ಯಾವ ಆಧಾರವೂ ಇಲ್ಲ.

ಹೆಣ್ಣುಮಕ್ಕಳ ಇನ್‌ಹೇಲರುಗಳು ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿ ಇರುವುದು ನನಗೆ ಬಹಳ ನೋವಿನ ಸಂಗತಿ. ನೆಂಟರು ನೋಡಿದರೆ ನಾಳೆ ಮದುವೆಗೆ ತೊಂದರೆ ಎಂದು ಹನ್ನೊಂದು ವರ್ಷದ ಹುಡುಗಿಗೆ ಶಾಲೆಗೆ ಔಷಧ ಕೊಟ್ಟು ಕಳಿಸದ ತಾಯಿ ನನ್ನೆದುರು ಅತ್ತಿದ್ದಾರೆ. ಅವರನ್ನು ನಾನು ಗದರಲಾರೆ, ಅವರ ಭಯ ಬಂದದ್ದು ನಮ್ಮೆಲ್ಲರ ಮಾತುಗಳಿಂದ. ಆದರೆ ಉಬ್ಬಸ ಬಂದಾಗ ಆ ಹುಡುಗಿಗೂ ಬೀರುವಿಗೂ ನಡುವೆ ಐದು ಕಿಲೋಮೀಟರ್ ದೂರವಿರುತ್ತದೆ.

ಶಿಕ್ಷಕರಲ್ಲಿ ನನ್ನ ಬೇಡಿಕೆ ಇದು. ಮಗುವಿನ ಇನ್‌ಹೇಲರ್ ಮತ್ತು ಸ್ಪೇಸರ್ ಮಗು ಇರುವಲ್ಲೇ, ಅದರ ಬ್ಯಾಗಿನಲ್ಲೋ ತರಗತಿಯಲ್ಲೋ ಇರಲಿ. ಮುಖ್ಯೋಪಾಧ್ಯಾಯರ ಕೊಠಡಿಯ ಬೀಗ ಹಾಕಿದ ಅಲ್ಮೆರಾದಲ್ಲಿ ಬೇಡ. ಓಡಿದರೆ ಉಬ್ಬಸ ಬರುವ ಮಗುವನ್ನು ಆಟದಿಂದ ಹೊರಗಿಡಬೇಡಿ, ವೈದ್ಯರು ಹೇಳಿದ್ದರೆ ಪಿ.ಟಿ. ಪೀರಿಯಡ್ಡಿಗೆ ಹತ್ತು ಹದಿನೈದು ನಿಮಿಷ ಮೊದಲು ಸೇದಿಸಿ. ಜೂನಿನಲ್ಲಿ ಶಾಲೆ ತೆರೆದು ನೆಗಡಿ ಹರಡುವಾಗ, ದೀಪಾವಳಿಯ ಪಟಾಕಿಯ ವಾರದಲ್ಲಿ, ಭತ್ತದ ಕೊಯ್ಲಿನ ದೂಳಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಬ್ಬಿನ ತರಗಿಗೆ ಬೆಂಕಿ ಹಾಕುವ ದಿನಗಳಲ್ಲಿ ಈ ಮಕ್ಕಳ ಮೇಲೆ ಹೆಚ್ಚಿನ ಕಣ್ಣಿರಲಿ.

ಉಬ್ಬಸ ಏರಿದಾಗ ಏನು ಮಾಡಬೇಕೆಂಬುದನ್ನು ನಿಮ್ಮ ವೈದ್ಯರಿಂದ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಿ: ಎಷ್ಟು ಒತ್ತು, ಎಷ್ಟು ನಿಮಿಷ ಬಿಟ್ಟು, ಯಾವಾಗ ಆಸ್ಪತ್ರೆ. ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಒಂದೊಂದೇ ಒತ್ತಿನಂತೆ ಸ್ಪೇಸರ್ ಮೂಲಕ ಕೊಡಿ. ಒಂದು ವಾಕ್ಯವನ್ನು ಪೂರ್ತಿ ಆಡಲಾಗದಿದ್ದರೆ, ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ನೀರು ಹಾಲು ಕುಡಿಯಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಗು ಮಂಕಾಗಿ ಜೋಲು ಬಿದ್ದರೆ ಹಾಳೆ ಓದುತ್ತಾ ಕೂರದೆ 108ಕ್ಕೆ ಫೋನ್ ಮಾಡಿ; ಆಂಬುಲೆನ್ಸ್ ಬರುವವರೆಗೂ ಔಷಧ ನಿಲ್ಲಿಸಬೇಡಿ. ಅಷ್ಟು ಹೊತ್ತು ಸುಯ್ ಎನ್ನುತ್ತಿದ್ದ ಎದೆ ಥಟ್ಟನೆ ಸದ್ದಡಗಿ, ಮಗು ಇನ್ನೂ ಒದ್ದಾಡುತ್ತಿದ್ದರೆ, ಅದು ಗಾಳಿಯೇ ಆಡುತ್ತಿಲ್ಲವೆಂಬ ಸೂಚನೆ. ಕಡಿಮೆಯಾಯಿತೆಂದು ತಿಳಿಯಬೇಡಿ.

ಪಾಂಡವಪುರದ ಆ ಹುಡುಗನಿಗೆ ಅಂದು ಸ್ಪೇಸರ್ ಕೊಟ್ಟು ಕಲಿಸಿದ ಮೇಲೆ, ಹೆಚ್ಚಿಸಿದ್ದ ಪ್ರಮಾಣವನ್ನು ಎರಡೇ ಭೇಟಿಗಳಲ್ಲಿ ಮೊದಲಿನದಕ್ಕೆ ಇಳಿಸಿದೆ. ಆಲೆಮನೆ ಅಲ್ಲೇ ಇತ್ತು, ಹೊಗೆಯೂ ಇತ್ತು. ಆರು ತಿಂಗಳ ನಂತರ ಬಂದಾಗ ಅವನು ಮತ್ತೆ ಅಲುಗಾಡಿಸುವುದನ್ನು ಮರೆತಿದ್ದ, ಮತ್ತೆ ಹೇಳಿಕೊಟ್ಟೆವು. ಮಕ್ಕಳೂ ಮರೆಯುತ್ತಾರೆ, ದೊಡ್ಡವರೂ ಮರೆಯುತ್ತಾರೆ. ಆದ್ದರಿಂದ ಪ್ರತಿ ಸಲ ವೈದ್ಯರಲ್ಲಿಗೆ ಹೋಗುವಾಗ ಔಷಧದ ಚೀಟಿಯ ಜೊತೆ ಇನ್‌ಹೇಲರ್, ಸ್ಪೇಸರ್ ಎರಡನ್ನೂ ಒಯ್ಯಿರಿ. ವೈದ್ಯರು ಕೇಳದಿದ್ದರೆ ನೀವೇ, “ನಮ್ಮ ಮಗು ಮಾಡುವುದನ್ನು ಒಂದು ಸಲ ನೋಡಿ” ಎಂದು ಹೇಳಿ.

ಇಲ್ಲಿ ಕೂಡ ಕೆಲವರು ಬ್ಯಾಗಿನಲ್ಲಿ ತಂದಿದ್ದೀರಿ ಎಂದು ಕೇಳಿದೆ. ನರ್ಸ್ ಅವರು ಈ ಮೇಜಿನ ಬಳಿ ಕುಳಿತಿದ್ದಾರೆ. ಮುಂದಿನ ಸಾಲಿನಿಂದ ಒಬ್ಬೊಬ್ಬರಾಗಿ ಮಕ್ಕಳನ್ನು ಕರೆದುಕೊಂಡು ಬನ್ನಿ. ಮುಚ್ಚಳ ನೀವು ತೆಗೆಯಬೇಡಿ, ಮಗುವೇ ತೆಗೆಯಲಿ.